ಸ್ತೋತ್ರದೂಟದ ಅಕ್ಕಿ

ನಮ್ಮೂರಿನಲ್ಲಿ ಸ್ತೋತ್ರದೂಟದ ಅಕ್ಕಿ ಸುಮ್ಮನೆ ಬೇಯುವುದಿಲ್ಲ. ಕರೆಯಬೇಕಾದವರನ್ನೆಲ್ಲ ಕರೆದಾದ ಮೇಲೆಯೇ ಬೇಯುತ್ತದೆ. ಒಬ್ಬರನ್ನು ಬಿಟ್ಟಿದ್ದರೂ ಸರಿ, ಕೆಳಗೆ ಇಡೀ ಹುಣಸೆಮರ ಉರಿಸಿದರೂ ನೀರು ಕುದಿಯುತ್ತದೆಯೇ ಹೊರತು ಅಕ್ಕಿ ಮಾತ್ರ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೆಯೇ ತಳದಲ್ಲಿ ಕೂತಿರುತ್ತದೆ. ಉಳಿದ ದಿನಗಳಲ್ಲಿ ಅದೇ ಅಕ್ಕಿ ಅದೇ ಒಲೆಯ ಮೇಲೆ ಮರ್ಯಾದೆಯಾಗಿ ಅನ್ನವಾಗುತ್ತದೆ, ಅದರ ಬಗ್ಗೆ ನಮಗೆ ಯಾವ ದೂರೂ ಇಲ್ಲ. ದೇವರು ಮಾಡಿದ ಉಪಕಾರಕ್ಕೆ ಸ್ತೋತ್ರ ಹೇಳಿ ಊರಿಗೆ ಊಟ ಹಾಕುತ್ತೇವೆಂದು ಚರ್ಚಿನ ಅಂಗಳದಲ್ಲಿ ಹಂಡೆ ಏರಿಸಿದ ದಿನ ಮಾತ್ರ ಅದಕ್ಕೆ ಈ ಹಟ.

ಹೊರಗಿನಿಂದ ಬಂದವರು ಇದಕ್ಕೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕಾಗುತ್ತದೆ. ನಮ್ಮ ಸಭೆಗೆ ಪಾದ್ರಿಯಾಗಿ ಹೊಸದಾಗಿ ಬಂದ ಸತ್ಯಪ್ರಸಾದ ಅಯ್ಯನವರು ಮೊದಲ ಸಲ ಕಟ್ಟಿಗೆ ಹಸಿ ಎಂದರು, ಆಮೇಲೆ ಅಕ್ಕಿ ಹಳೆಯದು ಎಂದರು, ಕೊನೆಗೆ ಅಡಿಗೆಯವನ ಮೇಲೆ ಸಂಶಯಪಟ್ಟು ತಾವೇ ಪಂಚೆ ಎತ್ತಿಕಟ್ಟಿ ಮರದ ಹುಟ್ಟು ಹಿಡಿದು ಹೊಗೆಯಲ್ಲಿ ನಿಂತರು. ಊಟ ಹಾಕುತ್ತಿದ್ದ ಮನೆಯವರು ಮರೆತಿದ್ದ ಮುದುಕಿಯೊಬ್ಬಳನ್ನು ಹೋಗಿ ಕರೆದುಕೊಂಡು ಬಂದದ್ದೇ ತಡ, ಹಂಡೆ ಉಕ್ಕಿತು. ಅಯ್ಯನವರು ಒಂದು ವಾರ ಯೋಚಿಸಿ ಭಾನುವಾರ ಪ್ರಸಂಗ ಮಾಡಿದರು. ಬೈಬಲ್ಲಿನ ಯಾಜಕಕಾಂಡದಲ್ಲಿ ಕೃತಜ್ಞತಾಬಲಿಯ ಮಾಂಸವನ್ನು ಆ ದಿನವೇ ತಿಂದು ಮುಗಿಸಬೇಕು, ಬೆಳಗಿನ ತನಕ ಏನೂ ಉಳಿಯಬಾರದು ಎಂಬ ನಿಯಮವಿದೆಯಂತೆ. ಒಂದು ಮನೆಯವರೇ ಒಂದು ಹೋರಿಯನ್ನು ಒಂದೇ ದಿನದಲ್ಲಿ ತಿನ್ನುವುದು ಎಲ್ಲಿಯ ಮಾತು, ಓಣಿಯನ್ನೇ ಕರೆಯಬೇಕಾಗುತ್ತದೆ, ಹಾಗೆ ದೇವರು ಸ್ತೋತ್ರದ ಒಳಗೇ ಕರೆಯುವುದನ್ನೂ ಇಟ್ಟುಬಿಟ್ಟಿದ್ದಾನೆ ಎಂದರು. ನಮ್ಮವರು ಇದೆಲ್ಲ ಹುಟ್ಟಿದಾಗಿನಿಂದ ಗೊತ್ತಿದ್ದವರ ಹಾಗೆ ತಲೆಯಾಡಿಸಿದರು. ನಿಜ ಹೇಳಬೇಕೆಂದರೆ ಯಾರಿಗೂ ಗೊತ್ತಿರಲಿಲ್ಲ.

ನಮಗೆ ಗೊತ್ತಿದ್ದದ್ದು ಇಷ್ಟೇ: ಉಪಕಾರ ಮಾಡಿದವರನ್ನು ಬಿಡಬಾರದು, ಮತ್ತು ಅವರನ್ನು ನಮ್ಮ ಬಾಯಿಂದಲೇ ಕರೆಯಬೇಕು. ಹೇಳಿಕಳಿಸಿದರೆ ನಡೆಯುವುದಿಲ್ಲ. ಹೀಗಾಗಿ ನಮ್ಮೂರಿನಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಮಂಚ ಎತ್ತಲು ಅರ್ಧ ಊರು ಬರುತ್ತದೆ. ಒಬ್ಬ ಕಾಲು ಹಿಡಿಯುತ್ತಾನೆ, ಒಬ್ಬ ದಿಂಬು ಹಿಡಿಯುತ್ತಾನೆ, ಇನ್ನೊಬ್ಬ ಏನೂ ಸಿಗದೆ ಮಂಚದ ಪಕ್ಕದಲ್ಲಿ ಜೋರಾಗಿ ಕೆಮ್ಮುತ್ತ ನಡೆಯುತ್ತಾನೆ. ಮುಂದೆ ಊಟವಿದೆ ಎಂಬುದು ಎಲ್ಲರಿಗೂ ಗೊತ್ತು. ಆಸ್ಪತ್ರೆಯ ಬಾಗಿಲಲ್ಲಿ ಸ್ಟೂಲು ಕೊಟ್ಟ ಚಹಾದಂಗಡಿಯವನನ್ನು ಮರೆತು ಸುಣ್ಣದ ಸಾಹುಕಾರರೊಬ್ಬರು ಸಂಜೆಯ ತನಕ ಹಂಡೆಯ ಮುಂದೆ ತಲೆ ಕೆರೆದುಕೊಂಡದ್ದನ್ನು ಜನ ಈಗಲೂ ಹೇಳಿ ನಗುತ್ತಾರೆ.

ಹಂಡೆ ಬೇಯದೆ ಉಳಿದವರಿಗೆ ಇನ್ನೊಂದು ಕಷ್ಟವಿತ್ತು. ಅದು ಬೇಯುವ ತನಕ ಅವರು, ಯೇಸುವಿನ ಕೊನೆಯ ಊಟದ ನೆನಪಿಗೆ ಚರ್ಚಿನಲ್ಲಿ ರೊಟ್ಟಿ ಹಂಚುವ ಕರ್ತನ ಭೋಜನಕ್ಕೆ ಎದ್ದು ಮುಂದೆ ಬರುವಂತಿರಲಿಲ್ಲ. ಯಾರೂ ಬರೆದಿಟ್ಟ ಕಟ್ಟಳೆಯಲ್ಲ, ಅವರಿಗೇ ಕಾಲು ಏಳುತ್ತಿರಲಿಲ್ಲ. ನನ್ನ ಅಕ್ಕ ದೊರ್ಕವ್ವನಿಗೆ ಒಮ್ಮೆ ಬಂದ ಕಷ್ಟ ಇದು. ಕರ್ತನ ಭೋಜನದ ರೊಟ್ಟಿಯನ್ನು ಸುಡುತ್ತಿದ್ದವಳೇ ಅವಳು. ತಿಂಗಳ ಮೊದಲ ಭಾನುವಾರ ಅವಳು ಬಿಳಿ ಸೀರೆ ಉಟ್ಟು, ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಚರ್ಚಿನ ನಡುವಿನಿಂದ ನಡೆದು ಬಂದರೆ ಗಂಡಸರೂ ಕಾಲು ಒಳಗೆ ಎಳೆದುಕೊಂಡು ಕೂರುತ್ತಿದ್ದರು. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಆ ಕೆಲಸ, ಮತ್ತೆ ನಾನು. ನಾನು ಮಿರ್ಯಾಮ, ಅವಳ ತಂಗಿ. ಮದುವೆಯ ಗೋಜಿಗೆ ಹೋಗದೆ ಅವಳ ಮನೆಯಲ್ಲೇ ಇದ್ದು ಅವಳ ಜೊತೆ ದಿನಾ ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದೇನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಆಪರೇಷನ್ನಿಗೆ ಹೋಗುವ ಮೊದಲಿನ ಭಾನುವಾರ ಅವಳು ಸಭೆಯಲ್ಲಿ ಎದ್ದು ನಿಂತು, ಬದುಕಿ ಬಂದರೆ ಊರಿಗೆಲ್ಲ ಸ್ತೋತ್ರದೂಟ ಹಾಕುತ್ತೇನೆ ಎಂದಳು. ಬೇಡಿಕೊಂಡ ಹಾಗೆ ಇರಲಿಲ್ಲ ಅದು, ದೇವರಿಗೆ ತಿಳಿಸಿಬಿಟ್ಟ ಹಾಗಿತ್ತು. ಅಕ್ಕನ ಸ್ವಭಾವವೇ ಹಾಗೆ. ಆ ವಾರವೇ ಒಂದು ಮಧ್ಯಾಹ್ನ ನೋವು ತಾಳದೆ ಅವಳು ಮನೆಯಲ್ಲೇ ಕುಸಿದಾಗ ತನ್ನ ಟೆಂಪೋದಲ್ಲಿ ಮಲಗಿಸಿಕೊಂಡು ದೊಡ್ಡ ಆಸ್ಪತ್ರೆಗೆ ಓಡಿಸಿದವನು ಓಬೇದ. ಇನ್ನು ಸ್ವಲ್ಪ ತಡವಾಗಿದ್ದರೂ ಕೈಮೀರುತ್ತಿತ್ತು ಎಂದು ಡಾಕ್ಟರು ಹೇಳಿದರು. ಓಬೇದ ನಮ್ಮ ಭಾವ ಸೀಲಾಸನ ತಮ್ಮನ ಮಗ. ಈಗ ಎರಡು ಮಕ್ಕಳ ತಂದೆ, ಮೆತ್ತಗಿನ ಮನುಷ್ಯ. ಅಕ್ಕನನ್ನು ದೊಡ್ಡವ್ವ ಎನ್ನುತ್ತಾನೆ.

ಅಕ್ಕ ಬದುಕಿ ಬಂದಳು. ಮೈಗೆ ಕಸುವು ಬಂದದ್ದೇ ಮನೆಮನೆಗೆ ಹೋಗಿ ಕರೆದಳು. ಡಾಕ್ಟರನ್ನು ಕರೆದಳು, ನರ್ಸಮ್ಮಂದಿರನ್ನು ಕರೆದಳು, ರಕ್ತ ಕೊಟ್ಟ ಕಾಲೇಜು ಹುಡುಗರನ್ನು, ಗಂಜಿ ಕಳಿಸಿದವರನ್ನು, ಪ್ರಾರ್ಥನೆ ಮಾಡಿದವರನ್ನು, ಪ್ರಾರ್ಥನೆ ಮಾಡಿದೆವು ಎಂದು ಸುಳ್ಳು ಹೇಳಿದವರನ್ನೂ ಕರೆದಳು. ಯಾರನ್ನೂ ಬಿಟ್ಟಿಲ್ಲ ಮಿರಿ, ನೋಡ್ತಾ ಇರು, ನನ್ನ ಹಂಡೆ ಎಲ್ಲರಿಗಿಂತ ಮೊದಲು ಉಕ್ಕುತ್ತದೆ ಎಂದು ನನ್ನ ಹತ್ತಿರ ಜಂಬ ಕೊಚ್ಚಿದಳು. ಊಟ ಶುಕ್ರವಾರ, ರೊಟ್ಟಿ ಸುಡುವುದು ಶನಿವಾರ, ಭಾನುವಾರ ಕರ್ತನ ಭೋಜನ. ಎಲ್ಲ ಲೆಕ್ಕಹಾಕಿಯೇ ದಿನ ಇಟ್ಟಿದ್ದಳು.

ಶುಕ್ರವಾರ ಬೆಳಗ್ಗೆ ಒಲೆ ಹೊತ್ತಿಸಿದರು. ಸಾರು ಆಯಿತು, ಪಲ್ಯ ಆಯಿತು, ಪಾಯಸವೂ ಆಯಿತು. ಜನ ಬಂದು ಪೆಂಡಾಲಿನ ಕೆಳಗೆ ಕೂತು ಕ್ಷೇಮಸಮಾಚಾರ ಮಾತಾಡಿದರು, ಮಾತು ಮುಗಿದು ಒಲೆಯ ಕಡೆ ನೋಡಿದರು. ಮಕ್ಕಳು ಎಲೆ ಹಾಸಿ ಕೂತು, ಎದ್ದು, ಮತ್ತೆ ಕೂತರು. ಅಕ್ಕಿ ಬೇಯಲಿಲ್ಲ. ಅಡಿಗೆಯವನು ನಾಲ್ಕು ಕಾಳು ತೆಗೆದು ಹಿಚುಕಿ ನೋಡಿ, ಅಕ್ಕನ ಮುಖ ನೋಡಿ, ಹೋಗಿ ಮತ್ತೊಂದು ತುಂಡು ಕಟ್ಟಿಗೆ ಒಲೆಗೆ ತಳ್ಳಿದ. ಅಕ್ಕ ಪೆಂಡಾಲಿನ ತುಂಬ ಓಡಾಡಿ ಯಾರನ್ನು ಬಿಟ್ಟೆ ಹೇಳಿ ಎಂದು ಎಲ್ಲರನ್ನೂ ಕೇಳಿದಳು. ಆಸ್ಪತ್ರೆಯ ಕಸ ಗುಡಿಸುವವಳ ಹೆಸರು ಬಂತು, ಆಕೆ ಆಗಲೇ ಮುಂದಿನ ಸಾಲಿನಲ್ಲಿ ಕೂತಿದ್ದಳು. ಟೆಂಪೋಗೆ ದಾರಿ ಬಿಟ್ಟ ಎಮ್ಮೆಗಳ ಮಾಲೀಕ ಎಂದು ಯಾರೋ ಅಂದರು, ಅವನೂ ಎಮ್ಮೆ ಕಟ್ಟಿಹಾಕಿ ಬಂದಿದ್ದ.

ಯಾರು ಬಂದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಓಬೇದನಿಗೂ ಗೊತ್ತಿತ್ತು, ಅವನು ನೆಲ ನೋಡುತ್ತ ಕೂತಿದ್ದ. ಹೇಳುವ ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ ನಾನೇ ಹೇಳಿದೆ. ಸುವಾರ್ತವ್ವನನ್ನು ಕರೆದಿಲ್ಲ ನೀನು ಎಂದೆ. ಅಕ್ಕ ನನ್ನ ಮೇಲೆ ಕೈ ಎತ್ತಲಿಲ್ಲ, ಅಷ್ಟೇ. ಉಪಕಾರ ಮಾಡಿದವರನ್ನ ಕರೆಯೋದು ಸ್ತೋತ್ರದೂಟಕ್ಕೆ, ಅವಳೇನು ಉಪಕಾರ ಮಾಡಿದ್ದಾಳೆ ನನಗೆ ಎಂದು ಕೇಳಿದಳು. ಕೇಳಿದ್ದು ನನ್ನನ್ನಾದರೂ ಪೆಂಡಾಲೆಲ್ಲ ಕೇಳಿಸಿಕೊಂಡಿತು.

ಸುವಾರ್ತವ್ವ ಓಬೇದನ ತಾಯಿ, ಅಕ್ಕನ ಓರಗಿತ್ತಿ. ಓಬೇದ ಹುಟ್ಟಿದ ವರ್ಷ ಊರಿಗೆ ವಾಂತಿಭೇದಿ ಬಂದಿತ್ತು. ಸುಣ್ಣದ ಗೂಡಿನಲ್ಲಿ ಕೆಲಸಕ್ಕೆ ಹೋಗಿದ್ದ ನಮ್ಮ ಭಾವ ಅಲ್ಲೇ ಬಿದ್ದ. ನಾನು ಆಗ ಬೇರೆ ಊರಿನಲ್ಲಿ ಓದುತ್ತಿದ್ದೆ. ಅಕ್ಕ ಒಬ್ಬಳೇ ಅವನನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಂದಳು. ಸ್ವಂತ ಮನೆ ದೂರ, ಮೈದುನನ ಮನೆ ದಾರಿಯಲ್ಲೇ ಇತ್ತು. ಮೈದುನ ಊರಲ್ಲಿರಲಿಲ್ಲ. ಸುವಾರ್ತವ್ವ ಹಸಿಬಾಣಂತಿ, ಒಳಗಿನಿಂದ ಅಗಳಿ ಹಾಕಿಕೊಂಡಳು. ಕೂಸೈತಿ, ಮುಂದ ಹೋಗ್ರಿ ಎಂದು ಬಾಗಿಲ ಹಿಂದಿನಿಂದ ಕೂಗಿದಳು. ಅಕ್ಕ ಕೈ ಸೋಲುವ ತನಕ ಬಾಗಿಲು ಬಡಿದು, ಆಮೇಲೆ ಗಾಡಿಯನ್ನು ಚರ್ಚಿನ ಪಡಸಾಲೆಗೆ ತಳ್ಳಿಕೊಂಡು ಹೋದಳು. ಭಾವ ಅಲ್ಲೇ ತೀರಿಕೊಂಡ. ಅಂದಿನಿಂದ ಅಕ್ಕ ಆ ಓಣಿಯಲ್ಲಿ ಕಾಲಿಟ್ಟವಳಲ್ಲ. ಮಗುವಿನ ತಪ್ಪೇನು ಎಂದು ಓಬೇದನನ್ನು ಮಾತಾಡಿಸುತ್ತಿದ್ದಳು, ಅವನ ತಾಯಿಯ ಹೆಸರು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ಅಯ್ಯನವರು ಅಕ್ಕನನ್ನು ಒಂದು ಪಕ್ಕಕ್ಕೆ ಕರೆದು ಕೂರಿಸಿದರು. ಅವಳೇ ಮೊದಲು ಬಾಯಿಬಿಟ್ಟಳು.

"ಆ ಬಾಗಲಾ ಮುಚ್ಚಿದ್ದಕ್ಕೂ ನಾ ದೇವರಿಗೆ ಸ್ತೋತ್ರ ಹೇಳಬೇಕೇನ್ರಿ, ಅಯ್ನೋರ?"

"ಬ್ಯಾಡ ದೊರ್ಕವ್ವಾರ. ಕೆಟ್ಟದ್ದಕ್ಕ ಚಲೋದು ಅಂತ ಹೆಸರಿಡ್ರಿ ಅಂತ ಬೈಬಲ್ಲಿನ್ಯಾಗ ಎಲ್ಲೂ ಇಲ್ಲ" ಎಂದರು ಅವರು. "ಆದ್ರ ನೀವು ತಿಂಗಳಾ ರೊಟ್ಟಿ ಸುಡ್ತೀರಲ್ಲ, ಆ ರೊಟ್ಟಿ ಮೊದಲನೇ ಸಲ ಹಿಡದು ಯೇಸುಸ್ವಾಮಿ ಸ್ತೋತ್ರ ಮಾಡಿದಾಗ, ಅವರನ್ನ ಹಿಡದುಕೊಡಾಂವ ಅದೇ ಪಂಕ್ತ್ಯಾಗ ಕುಂತಿದ್ದ. ಅವನ್ನ ಎಬ್ಬಿಸಿ ಹೊರಗ ಹಾಕಿ ಆಮ್ಯಾಲ ಸ್ತೋತ್ರ ಮಾಡಲಿಲ್ಲ ಸ್ವಾಮಿ."

ಯೇಸುಸ್ವಾಮಿ ದೇವರ ಮಗ, ನಾನು ಸುಣ್ಣದ ಗೂಡಿನ ಯೋನಪ್ಪನ ಮಗಳು ಎಂದಳು ಅಕ್ಕ. ಅವಳು ಆಗಲೇ ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಮನಸ್ಸು ಕರಗಿ ಎದ್ದಳೆಂದು ನಾನು ಹೇಳುವುದಿಲ್ಲ. ಭಾನುವಾರ ಬೇರೆ ಯಾರೋ ರೊಟ್ಟಿ ಸುಟ್ಟು ತರುವುದನ್ನು ಹಿಂದಿನ ಬೆಂಚಿನಿಂದ ನೋಡಲಾರದೆ ಎದ್ದಳು. ನಾನೂ ಹಿಂದೆಯೇ ಹೊರಟೆ.

ಸುವಾರ್ತವ್ವ ಜಗಲಿಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಗಂಡ ಸತ್ತ ಮೇಲೆ ತೀರ ಸೊರಗಿ ಹೋಗಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳು, ಮಡಿಲಿನ ಮೆಣಸಿನಕಾಯಿ ಎಲ್ಲ ಚೆಲ್ಲಿದವು. ಊಟಕ್ಕೆ ಕರೆಯಲು ಬಂದಿದ್ದೇನೆ ಎಂದು ಅಕ್ಕ ಅಂಗಳದಲ್ಲೇ ನಿಂತು ಹೇಳಿದಳು.

"ಅಕ್ಕಿ ಬೇಯವಲ್ದೇನ?" ಎಂದು ಸುವಾರ್ತವ್ವ ಕೇಳಿದಳು.

"ಇಲ್ಲ."

"ಅದಕ್ಕ ಬಂದೀಯೇನ?"

"ಅದಕ್ಕ ಬಂದೀನಿ. ಸುಳ್ಳ್ಯಾಕ ಹೇಳ್ಲಿ."

ಸುವಾರ್ತವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಂದೂ ಬೇಯಲಿಲ್ಲ ಎಂದಳು ಆಮೇಲೆ. ನಮಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಓಬೇದನಿಗೆ ಒಂದು ವರ್ಷ ತುಂಬಿದಾಗ, ಮಗು ಆ ರೋಗದಿಂದ ಉಳಿಯಿತೆಂದು ಸ್ತೋತ್ರದೂಟ ಹಾಕಬೇಕೆಂದುಕೊಂಡಳಂತೆ. ಚರ್ಚಿನ ಅಂಗಳದಲ್ಲಿ ಹಂಡೆ ಏರಿಸಲು ಧೈರ್ಯ ಸಾಲದೆ ಮನೆಯೊಳಗೇ ಸ್ತೋತ್ರದ ಹೆಸರಿನಲ್ಲಿ ಒಂದು ಪಾತ್ರೆ ಇಟ್ಟಳು, ಅಲ್ಲೂ ಅದೇ ಹಟ. ಅಕ್ಕಿ ಬೇಯಲಿಲ್ಲ. ಮರುವರ್ಷ ಇಟ್ಟಳು, ಬೇಯಲಿಲ್ಲ. ಪ್ರತಿವರ್ಷ ಅವನ ಹುಟ್ಟಿದ ದಿನ ಬಾಗಿಲು ಹಾಕಿಕೊಂಡು ಇಡುತ್ತಲೇ ಬಂದಿದ್ದಾಳೆ, ಹಸಿ ಅಕ್ಕಿಯನ್ನು ಕೋಳಿಗೆ ಚೆಲ್ಲುತ್ತಲೇ ಬಂದಿದ್ದಾಳೆ. ಇಷ್ಟು ವರ್ಷ ಆರಾಧನೆಗೆ ಬಂದು, ಕರ್ತನ ಭೋಜನಕ್ಕೆ ಮೊದಲು ಎದ್ದು ಹೋಗುತ್ತಿದ್ದಳಲ್ಲ, ನಾವು ಹೆಂಗಸರೆಲ್ಲ ಅದಕ್ಕೆ ಸೊಕ್ಕು ಎಂದು ಹೆಸರಿಟ್ಟು ನಿಶ್ಚಿಂತೆಯಿಂದ ಇದ್ದೆವು.

"ಬೇಯಲಿಲ್ಲ ಅಂದಮ್ಯಾಲ ನನ್ನ ಯಾಕ ಕರೀಲಿಲ್ಲ?" ಎಂದಳು ಅಕ್ಕ. ದನಿಯಲ್ಲಿ ಸಿಟ್ಟೇ ಇತ್ತು.

"ಏನಂತ ಕರೀಲಿ ಯಕ್ಕಾ? ನನ್ನ ಕೂಸು ಉಳೀತು, ನಿನ್ನ ಗಂಡ ಹ್ವಾದ, ಉಣ್ಣಾಕ ಬಾ ಅಂತೇನ?"

ಅಕ್ಕ ಆ ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಹಳೆಯ ಬಾಗಿಲು ಅದೇ, ಬಣ್ಣ ಮಾತ್ರ ಹೊಸದು. ಒಳಗೆ ಕರಿ ನನ್ನ ಎಂದಳು ಕೊನೆಗೆ, ನಿನ್ನ ಅಕ್ಕಿಯೇ ಮೊದಲು ಬೇಯಲಿ, ನನ್ನದು ಆಮೇಲೆ ನೋಡೋಣ ಎಂದಳು. ಸುವಾರ್ತವ್ವ ಬಾ ಯಕ್ಕಾ ಎಂದಳು, ಎರಡು ಸಲ ಎಂದಳು.

ಅಲ್ಲಿ ಚರ್ಚಿನ ಅಂಗಳದಲ್ಲಿ ಊರೇ ಹಸಿದು ಕೂತಿರುವಾಗ ಇಲ್ಲಿ ನಾವು ಮೂವರು ಒಂದು ಸಣ್ಣ ಪಾತ್ರೆಯನ್ನು ಒಲೆಯ ಮೇಲಿಟ್ಟು ಕಾದು ಕೂತೆವು. ನನ್ನ ಮಗ ಉಳಿದದ್ದಕ್ಕೆ ದೇವರಿಗೆ ಸ್ತೋತ್ರ ಎಂದು ಸುವಾರ್ತವ್ವ ಗಟ್ಟಿಯಾಗಿ ಹೇಳಿದಳು, ಅಕ್ಕನನ್ನೂ ನನ್ನನ್ನೂ ಹೆಸರು ಹಿಡಿದು ಊಟಕ್ಕೆ ಕರೆದಳು. ಕರೆಯಬೇಕಾದವಳು ಎದುರಿಗೇ ಕೂತಿದ್ದಾಳೆ, ಇನ್ನೇನು ಬೆಂದಂತೆಯೇ ಎಂದುಕೊಂಡೆ ನಾನು. ನೀರು ಕುದಿಯಿತು, ಕುದಿದು ಕುದಿದು ಇಂಗಿತು, ಮತ್ತೆ ಬಿಸಿನೀರು ಸುರಿದೆವು. ಸೌಟಿನಲ್ಲಿ ನಾಲ್ಕು ಕಾಳು ತೆಗೆದು ಹಿಚುಕಿ ನೋಡಿದೆ. ಹರಳಿನಂತೆ ಗಟ್ಟಿ ಇತ್ತು. ನನ್ನ ಬೆರಳು ನೋಡಿಯೇ ಸುವಾರ್ತವ್ವನಿಗೆ ಗೊತ್ತಾಯಿತು. ಆ ಸೌಟಿನ ಮೇಲೆ ಕಣ್ಣಿಟ್ಟು ಅಷ್ಟು ವರ್ಷ ಕಳೆದವಳು ಅವಳು.

"ಬಿಡು ಯಕ್ಕಾ, ನೀ ಬಂದಿ, ಅಷ್ಟ ಸಾಕು" ಎಂದಳು. "ದೇವರಿಗೆ ನನ್ನ ಸ್ತೋತ್ರ ಬ್ಯಾಡಾಗೈತಿ."

ಅವಳು ಅದನ್ನು ಅಳುತ್ತ ಹೇಳಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಬೆಲೆ ಏರಿದೆ, ಬಸ್ಸು ಹೋಯಿತು ಎನ್ನುವವರ ಹಾಗೆ ಸಾದಾ ಮಾತಿನಲ್ಲಿ ಹೇಳಿ ಪಾತ್ರೆ ಇಳಿಸಲು ಬಟ್ಟೆ ತೆಗೆದುಕೊಂಡಳು. ಅಕ್ಕ ಅವಳ ಕೈ ಹಿಡಿದು ನಿಲ್ಲಿಸಿದಳು. ಅಕ್ಕನ ಮುಖ ಬಿಳಿಚಿಕೊಂಡಿತ್ತು. ಆಪರೇಷನ್ ಆದ ಮೈ, ಬಿಸಿಲಿನಲ್ಲಿ ನಡೆದು ಬಂದಿದ್ದಾಳೆ, ಏನಾಯಿತೋ ಎಂದು ನಾನು ಎದ್ದೆ. ಕೂಡು ಎಂದು ನನಗೆ ಸನ್ನೆ ಮಾಡಿದಳು.

"ನಮ್ಮನಿಯವರು ನಿನಗ ಒಂದ ಮಾತು ಹೇಳು ಅಂದಿದ್ರು" ಎಂದಳು. "ಚರ್ಚಿನ ಪಡಸಾಲ್ಯಾಗ ಹೇಳಿದ್ರು. ನಾ ನಿನಗ ಮುಟ್ಟಸಲಿಲ್ಲ."

ಸುವಾರ್ತವ್ವ ಬಟ್ಟೆ ಹಿಡಿದುಕೊಂಡೇ ಕೂತಳು.

"ಸುವಾರ್ತಾ ಬಾಗಲಾ ತೆಗೀಲಿಲ್ಲ, ದೇವರಿಗೆ ಸ್ತೋತ್ರ, ಅಂದ್ರು. ತೆಗದಿದ್ರ ನನ್ನ ಬ್ಯಾನಿ ಕೂಸಿಗೆ ಹತ್ತತಿತ್ತು, ಆಕಿ ಅಂಜಿರ್ತಾಳ, ಅಂಜಬ್ಯಾಡ ಅಂತ ಹೇಳು, ಅಂದ್ರು. ಅದ ಕಡೀ ಮಾತು. ಸಾಯೂ ಹೊತ್ತಿನ್ಯಾಗ ನನಗ ಅಂತ ಒಂದ ಮಾತು ಹೇಳಲಿಲ್ಲ ಅವರು. ನಾ ಅಷ್ಟ ದೂರ ಗಾಡಿ ನೂಕ್ಕೊಂಡು ಬಂದಾಕಿ, ನನಗ ಹೇಳಲಿಲ್ಲ, ನಿನಗ ಹೇಳಿದ್ರು. ಅದಕ್ಕ ನಾ ಕೊಡಲಿಲ್ಲ."

ಅಕ್ಕನ ಜೊತೆ ಒಂದೇ ಸೂರಿನಡಿ ಇಷ್ಟು ವರ್ಷ ಬಾಳಿದ ನನಗೂ ಈ ಮಾತು ಗೊತ್ತಿರಲಿಲ್ಲ. ಅವಳು ಸುವಾರ್ತವ್ವನನ್ನು ದ್ವೇಷಿಸುತ್ತಾಳೆ ಎಂದುಕೊಂಡಿದ್ದೆ. ಅದು ನಿಜವೂ ಇತ್ತು. ಆದರೆ ಆ ದ್ವೇಷದ ಕೆಳಗೆ, ತೀರಿಹೋದ ಗಂಡನ ಮೇಲಿನ ಮುನಿಸು ಹಾಗೆಯೇ ಹಸಿಯಾಗಿ ಉಳಿದಿತ್ತು. ನನಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ನಾನು ಏಳುವ ಮೊದಲೇ ಸುವಾರ್ತವ್ವ ಕೇಳಿದಳು.

"ಅಂಜಬ್ಯಾಡ ಅಂದ್ರೇನ?"

"ಹೂಂ. ಅಂಜಬ್ಯಾಡ ಅಂದ್ರು."

ಸುವಾರ್ತವ್ವ ನೆಲದ ಮೇಲೆ ಹಣೆ ಇಟ್ಟು ಅತ್ತಳು. ಅಕ್ಕ ಮೊದಲು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು, ಆಮೇಲೆ ಅವಳೂ ಅತ್ತಳು. ಗಂಡ ಸತ್ತಾಗ ಅಕ್ಕ ಅಳಲಿಲ್ಲ, ಕಲ್ಲು ಮನಸ್ಸಿನವಳು ಎಂದು ಊರು ಆಡಿಕೊಂಡಿತ್ತು. ಆವತ್ತು ಆ ಅಡಿಗೆಮನೆಯಲ್ಲಿ ಅವಳು ಅತ್ತದ್ದು ಆ ಅಳು. ಎಷ್ಟು ಹೊತ್ತಾಯಿತೋ ನಾನು ನೋಡಲಿಲ್ಲ. ಪಾತ್ರೆಯ ಮುಚ್ಚಳ ಟಕಟಕ ಎನ್ನತೊಡಗಿತ್ತು, ಗಂಜಿ ಉಕ್ಕಿ ಒಲೆಯೊಳಗೆ ಸುರಿಯುತ್ತಿತ್ತು. ಇಬ್ಬರಿಗೂ ಅದರ ಮೇಲೆ ಗಮನವಿರಲಿಲ್ಲ. ಬೆಂಕಿ ಆರದ ಹಾಗೆ ಪಾತ್ರೆ ಇಳಿಸಿದವಳು ನಾನು. ಆ ಊಟಕ್ಕೆ ಬರಬೇಕಾಗಿದ್ದ ಇನ್ನೊಬ್ಬ ಭಾವ, ಅವನ ಮಾತು ಈಗ ಬಂದು ಮುಟ್ಟಿತ್ತು.

ಮೂವರೂ ಒಂದೇ ತಟ್ಟೆಯಲ್ಲಿ ಬರೀ ಅನ್ನಕ್ಕೆ ಉಪ್ಪು ಹಾಕಿಕೊಂಡು ಉಂಡೆವು. ಉಣ್ಣುವ ಮೊದಲು ಪ್ರಾರ್ಥನೆ ಮಾಡು ಎಂದು ಸುವಾರ್ತವ್ವ ಅಕ್ಕನಿಗೇ ಹೇಳಿದಳು. ದೇವರೇ, ಓಬೇದ ಉಳಿದ, ನಿನಗೆ ಸ್ತೋತ್ರ ಎಂದಳು ಅಕ್ಕ. ಸಣ್ಣ ಮಾತು ಅದು, ಆದರೆ ಅವಳ ಬಾಯಿಂದ ಅದನ್ನು ಹೊರಡಿಸಲು ಅವಳು ಪಟ್ಟ ಪಾಡನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಭಾವ ಸತ್ತದ್ದು ಒಳ್ಳೆಯದಾಯಿತು ಎಂದು ಅವಳು ಹೇಳಲಿಲ್ಲ, ಹೇಳುವಂತೆ ದೇವರೂ ಕೇಳಲಿಲ್ಲ. ಮಗು ಉಳಿಯಿತು ಎಂದಳು, ಆ ಮಗುವೇ ಮುಂದೆ ಟೆಂಪೋದಲ್ಲಿ ಅವಳನ್ನು ಉಳಿಸಿದ್ದು, ಅಷ್ಟೇ ಸಾಕಾಯಿತು.

ಕೈ ತೊಳೆಯುವಷ್ಟರಲ್ಲಿ ಓಬೇದ ಓಡೋಡಿ ಬಂದ. ಕಾದು ಕಾದು ಬೇಸತ್ತ ಅಡಿಗೆಯವನು ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದನಂತೆ, ಹಂಡೆ ತನ್ನಷ್ಟಕ್ಕೆ ಬೆಂದು ತಳ ಹಿಡಿದು ಹೊಗೆ ಬಂದ ಮೇಲೆಯೇ ಜನಕ್ಕೆ ಗೊತ್ತಾಯಿತಂತೆ. ಹೇಳುತ್ತ ಹೇಳುತ್ತ ಅವನು ತಾಯಿಯ ಮುಖ ನೋಡಿದ, ದೊಡ್ಡವ್ವನ ಮುಖ ನೋಡಿದ, ಓಡಿಹೋಗಿ ಟೆಂಪೋ ತಂದು ನಿಲ್ಲಿಸಿದ. ನಾವು ಅವನ ಟೆಂಪೋ ಹತ್ತಿ ಚರ್ಚಿಗೆ ಬಂದೆವು. ಇಳಿಯುವಾಗ ಇಬ್ಬರೂ ಮುದುಕಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದನ್ನು ಕಂಡು ಪೆಂಡಾಲಿನಲ್ಲಿ ಹಸಿದು ಗೊಣಗುತ್ತಿದ್ದವರೆಲ್ಲ ಸರಿದು ಇಬ್ಬರಿಗೂ ಜಾಗ ಬಿಟ್ಟರು.

ಸೀದ ವಾಸನೆಯ ಅನ್ನವನ್ನು ಊರೆಲ್ಲ 'ಇನ್ನಷ್ಟು ಹಾಕ್ರಿ' ಎಂದು ಹಾಕಿಸಿಕೊಂಡು ಉಂಡಿತು. ಬಡಿಸಲು ಶುರುಮಾಡುವ ಮೊದಲು ಅಯ್ಯನವರು ಅಕ್ಕನನ್ನು, ದೇವರು ಮಾಡಿದ ಉಪಕಾರಕ್ಕೆ ಎಲ್ಲರ ಮುಂದೆ ಸಾಕ್ಷಿ ಹೇಳಲು ಎಬ್ಬಿಸಿದರು. ಡಾಕ್ಟರಿಂದ ಹಿಡಿದು ಎಮ್ಮೆಯವನ ತನಕ ಎಲ್ಲರ ಹೆಸರು ಹೇಳಬೇಕೆಂದು ಅವಳು ವಾರದಿಂದ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದಳು. ಅದೊಂದನ್ನೂ ಹೇಳಲಿಲ್ಲ. ಅವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ನಾವು ಯಾರೂ ಕೇಳಿರಲಿಲ್ಲ, ಆವತ್ತು ಹೇಳಿದಳು. ನನ್ನ ಗಂಡ ಸೀಲಾಸ, ಈ ಪಡಸಾಲೆಯಲ್ಲಿ ಮಲಗಿಕೊಂಡು ಒಂದು ಸ್ತೋತ್ರ ಹೇಳಿದ್ದ, ಅದನ್ನು ನಿಮಗೆಲ್ಲ ಮುಟ್ಟಿಸುವುದು ಬಾಕಿ ಇತ್ತು ಎಂದಳು. ಆಮೇಲೆ ಅವನು ಹೇಳಿದ್ದನ್ನು ಅವನದೇ ಮಾತಿನಲ್ಲಿ ಹೇಳಿ, ಸುವಾರ್ತವ್ವನ ಪಕ್ಕದಲ್ಲಿ ಕೂತಳು.

ಓಬೇದ ಅನ್ನದ ಬಕೆಟ್ಟು ಹಿಡಿದು ಸಾಲಿನ ತುದಿಯಲ್ಲಿ ನಿಂತಿದ್ದ. ಅವನಿಗೆ ಗೊತ್ತಿದ್ದದ್ದು ಮುಚ್ಚಿದ ಬಾಗಿಲಿನ ಕಥೆಯೊಂದೇ. ದೊಡ್ಡಪ್ಪ ಸತ್ತದ್ದು ನನ್ನಿಂದ ಎಂದುಕೊಂಡೇ ಅವನು ದೊಡ್ಡವನಾಗಿದ್ದ, ಅದಕ್ಕೇ ದೊಡ್ಡವ್ವ ಕರೆಯುವ ಮೊದಲೇ ಟೆಂಪೋ ತಂದು ನಿಲ್ಲಿಸುತ್ತಿದ್ದ. ಅವನು ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟ. ಒಬ್ಬ ಮನುಷ್ಯ ಸಾಯುವ ಹೊತ್ತಿನಲ್ಲಿ, ಆಗ ಕೂಸಾಗಿದ್ದ ತಾನು ಬದುಕಿದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿಹೋಗಿದ್ದಾನೆ ಎಂಬುದು ಅವನಿಗೆ ಗೊತ್ತಾದದ್ದು ಆಗಲೇ.